ಬಿಳಿ ಬಕೆಟ್ಟಿನ ಮಾವಶಿ

ನಮ್ಮ ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ಬೆಳಗಾದರೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್, ಇವತ್ತು ನೀರು ಬರುವುದಿಲ್ಲ ಎಂಬ ನೋಟಿಸು, ಯಾರದೋ ಕಾರು ಯಾರದೋ ಜಾಗದಲ್ಲಿ ನಿಂತ ಜಗಳ, ಇಷ್ಟೇ ಇರುತ್ತದೆ. ಈ ಸಲ ಮಳೆ ಶುರುವಾದ ಹೊತ್ತಿಗೆ ಅದರಲ್ಲಿ ನಾಲ್ಕನೇ ಮಹಡಿಯ ಮಾವಶಿಯ ಫೋಟೋ ಬಂತು. ಸುತ್ತ ಹೂವಿನ ಚೌಕಟ್ಟು, ಕೆಳಗೆ ನಮ್ಮ ನದಿಯನ್ನು ಉಳಿಸಿದ ತಾಯಿಗೆ ಶ್ರದ್ಧಾಂಜಲಿ ಎಂದು ಹಿಂದಿಯಲ್ಲಿ ಬರೆದಿತ್ತು. ಒಂದಾದ ಮೇಲೊಂದು ಕೈಮುಗಿದ ಚಿತ್ರಗಳು ಬಂದು ಬಿದ್ದವು. ನಾನು ಫೋನನ್ನು ಸೋಫಾದ ಮೇಲೆ ಒಗೆದೆ. ಉಳಿಸಿದರಂತೆ! ಯಾವ ನದಿ ಉಳಿದಿದೆ ಎಂದು ಇವರೆಲ್ಲ ಒಮ್ಮೆ ಕಿಟಕಿ ತೆಗೆದು ಮೂಗು ಹೊರಗೆ ಹಾಕಿ ನೋಡಲಿ.

ಅವರು ಗೋಕಾಕ ಕಡೆಯವರು. ಆ ಕಡೆ ತಾಯಿಯ ತಂಗಿಗೆ ಮಾವಶಿ ಎನ್ನುತ್ತಾರೆ. ಮರಾಠಿಯವರೂ ಹಾಗೇ ಅನ್ನುವುದರಿಂದ ಇಡೀ ಬಿಲ್ಡಿಂಗಿಗೆ ಅವರು ಮಾವಶಿಯಾದರು. ನಾನು ಅವರಿಗಿಂತ ಅಷ್ಟೇನೂ ಚಿಕ್ಕವನಲ್ಲ, ಧಾರವಾಡದವನು, ಎರಡನೇ ಮಹಡಿಯಲ್ಲಿರುವವನು. ಆದರೂ ಮಾವಶಿ ಎಂದೇ ಕರೆದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಲ್ಲಿನಲ್ಲಿ ಕೆತ್ತಿಸಿದ ಹೆಸರಿಗೆ ಏನು ಗತಿ ಬಂತೆಂದು ಕೊನೆಗೆ ಹೇಳುತ್ತೇನೆ.

ನಮ್ಮ ಬಿಲ್ಡಿಂಗ್ ಮಲಾಡಿನಲ್ಲಿ ನದಿಗೆ ಒತ್ತಿಕೊಂಡು ನಿಂತಿದೆ. ನದಿ ಎಂದರೆ ಹೊಸಬರು ನಗುತ್ತಾರೆ. ರಿಕ್ಷಾದವರಿಗೆ 'ನಾಲೆ ಕೆ ಬಾಜು ಮೇ', ಮೋರಿಯ ಪಕ್ಕ, ಎಂದರೇ ಗೊತ್ತಾಗುವುದು. ನ್ಯಾಷನಲ್ ಪಾರ್ಕಿನ ಗುಡ್ಡದಲ್ಲಿ ಹುಟ್ಟಿ, ಹೈವೇ ದಾಟಿ, ರೈಲು ಹಳಿಗಳ ಕೆಳಗೆ ನುಸುಳಿ ಸಮುದ್ರದ ಖಾಡಿಗೆ ಸೇರುವ ಸಣ್ಣ ನದಿ. ಎರಡೂ ಬದಿಗೆ ಸಿಮೆಂಟಿನ ಗೋಡೆ ಕಟ್ಟಿ ಅದನ್ನು ಗಟಾರದ ಹಾಗೆ ನೆಟ್ಟಗೆ ಮಾಡಿದ್ದಾರೆ. ಪ್ರತಿ ಬೇಸಿಗೆಯಲ್ಲಿ ಯಂತ್ರ ಬಂದು ತಳದ ಕೆಸರು ಎತ್ತಿ ದಡದ ಮೇಲೆ ಗುಡ್ಡೆ ಹಾಕುತ್ತದೆ. ಅದನ್ನು ಸಾಗಿಸುವ ಲಾರಿ ಬರುವುದರೊಳಗೆ ಮಳೆ ಬಂದು ಕೆಸರೆಲ್ಲ ಮತ್ತೆ ಒಳಗೆ ಹೋಗುತ್ತದೆ. ಇದಕ್ಕೆ ನದಿ ಸ್ವಚ್ಛತೆ ಎಂದು ಹೆಸರು.

ನಾನು ಅವರನ್ನು ಮೊದಲು ನೋಡಿದ್ದು ಲಿಫ್ಟಿನಲ್ಲಿ. ಇಳಕಲ್ ಸೀರೆ, ದೊಡ್ಡ ಕುಂಕುಮ, ಕೈಯಲ್ಲಿ ಹಗ್ಗ ಕಟ್ಟಿದ ಬಿಳಿ ಪ್ಲಾಸ್ಟಿಕ್ ಬಕೆಟ್. ಬಕೆಟ್ಟಿನೊಳಗೆ ನೀಲಿ ನೀರು, ಅದರ ವಾಸನೆ ತಡೆಯಲಾಗದೆ ನಾನು ಕರವಸ್ತ್ರ ತೆಗೆದೆ.

"ಏನ್ರೀ ಇದು?" ಎಂದೆ.

"ಹೊಳಿ ನೀರ್ರೀ. ಟ್ಯೂಬಲೈಟಿನ್ಯಾಗ ಬಣ್ಣ ಖರೇ ತಿಳಿಯಂಗಿಲ್ಲ. ಬಾಲ್ಕನ್ಯಾಗ ಇಟ್ಟು ನೋಡ್ತೀನಿ. ನೀವು ಯಾಕ ಮೂಗ ಮುಚಗೊಂಡೀರಿ? ದಿನಾ ಇದರ ಬಾಜೂನ ಇರ್ತೀರಲ್ಲ!"

ಅವರ ಕೆಲಸವೇ ಹಾಗಿತ್ತು. ಭಾಂಡುಪಿನ ಬಟ್ಟೆ ಕಾರ್ಖಾನೆಯೊಂದರಲ್ಲಿ ನಿವೃತ್ತಿಯವರೆಗೂ ಬಣ್ಣ ಹೊಂದಿಸುವ ಕೋಣೆಯಲ್ಲಿ ಇದ್ದವರು. ಬಣ್ಣ ಹಾಕಿದ ಬಟ್ಟೆಯ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಗಿರಾಕಿ ಕೊಟ್ಟ ಮಾದರಿಯ ಪಕ್ಕ ಇಟ್ಟು, ಕಣ್ಣು ಕಿರಿದು ಮಾಡಿ ಪಾಸ್ ಅಥವಾ ರಿಜೆಕ್ಟ್ ಅನ್ನುವುದು. ಅಭ್ಯಾಸ ಮೈಗೆ ಹತ್ತಿಬಿಟ್ಟಿತ್ತು. ಸೀರೆ ಕೊಳ್ಳಲು ಹೋದರೆ ಅಂಗಡಿಯವನ ಕಣ್ಣೆದುರೇ ಸೀರೆ ಎತ್ತಿಕೊಂಡು ಫುಟ್‌ಪಾತಿಗೆ ನಡೆಯುವರು, ಅವನು 'ಬಾಯೀ, ಬಾಯೀ' ಎಂದು ಅಮ್ಮನವರನ್ನು ಕರೆಯುತ್ತ ಹಿಂದೆ ಓಡುವನು. ಬದನೆಕಾಯಿಯನ್ನೂ ಬಿಸಿಲಿಗೆ ಹಿಡಿದು ನೋಡದೆ ತರುತ್ತಿರಲಿಲ್ಲ. ಮಗಳು ಅಳಿಯನ ಸಂಸಾರದ ಜೊತೆ ಇದ್ದರು. ಅಳಿಯ ಹೊಸ ಅಂಗಿ ಹಾಕಿಕೊಂಡರೆ ಅವನನ್ನು ಬಾಲ್ಕನಿಗೆ ಕರೆದು ನಿಲ್ಲಿಸುತ್ತಿದ್ದರಂತೆ. ಪಾಪ, ಒಳ್ಳೆಯ ಮನುಷ್ಯ, ನಿಲ್ಲುತ್ತಿದ್ದ.

ನದಿಯ ಹುಚ್ಚು ಹಿಡಿದದ್ದು ಹೇಗೆ ಎಂದು ಕೇಳಿದರೆ ಒಂದೊಂದು ದಿನ ಒಂದೊಂದು ಹೇಳುವರು. ಒಮ್ಮೆ ಮಾತ್ರ ನೆಟ್ಟಗೆ ಹೇಳಿದರು. "ರಿಜೆಕ್ಟ್ ಅಂತಿದ್ನಲ್ಲ, ಆ ಬಣ್ಣ ಎಲ್ಲಿಗಿ ಹೋಗ್ತಿತ್ತು ಅಂತ ನೌಕರಿ ಮುಗಿಯೂತನಾ ಕೇಳಲಿಲ್ರೀ ನಾ. ಕಡೀ ದಿವಸ ಹಾರ ಹಾಕಿದ್ರು, ಹಿಂದಿನ ಗೇಟಿನಿಂದ ಹೊರಗ ಬಂದ್ನಿ. ಅಲ್ಲಿ ನಾಲಾದಾಗ ನನ್ನ ಮರೂನ್ ಹರಿಯಾಕತ್ತಿತ್ತು. ಮುಂಜಾನೆ ನಾನ ರಿಜೆಕ್ಟ್ ಮಾಡಿದ್ದು." ಆಮೇಲೆ ನನಗೆ ಚಹಾ ಬೇಕೇ ಎಂದು ಕೇಳಿದರು.

ಒಂದು ಭಾನುವಾರ ನನ್ನನ್ನು ಬಲವಂತದಿಂದ ಎಬ್ಬಿಸಿಕೊಂಡು ನದಿಯ ಮೇಲ್ಗಡೆಗೆ, ಪಾರ್ಕಿನ ಗುಡ್ಡದ ಅಂಚಿಗೆ ಕರೆದೊಯ್ದರು. ಅಲ್ಲಿ ನೀರು ಬಂಡೆಗಳ ಸಂದಿನಲ್ಲಿ ಇಳಿದು ಬರುತ್ತಿತ್ತು. ತಳದ ಕಲ್ಲು ಕಾಣುತ್ತಿತ್ತು. ಮಾವಶಿ ಸೀರೆ ಎತ್ತಿ ಕಟ್ಟಿ ಕಾಲು ಬಿಟ್ಟು ಕೂತರು. ಬೆರಳುದ್ದದ ಮೀನುಗಳು ಬಂದು ಅವರ ಹಿಮ್ಮಡಿ ಕಚ್ಚತೊಡಗಿದವು. ಗೋಕಾಕದ ಹತ್ತಿರ ಘಟಪ್ರಭೆಯಲ್ಲಿ ಬಟ್ಟೆ ಒಗೆಯುವಾಗ ಹೀಗೇ ಕಚ್ಚುತ್ತಿದ್ದವೆಂದು ಹೇಳಿ ನಕ್ಕರು. ನದಿಯ ಹತ್ತಿರ ಅವರು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ವಾಪಸು ಬರುವಾಗ ದಡದಗುಂಟ ನಡೆಸಿದರು. ಮೊದಲ ವಸತಿಯ ಕೆಳಗೆ ಪ್ಲಾಸ್ಟಿಕ್ ಚೀಲಗಳು. ಆಮೇಲೆ ಎಮ್ಮೆಗಳ ತಬೇಲಾ, ಸಗಣಿಯೆಲ್ಲ ನೀರಿಗೆ. ಆಮೇಲೆ ಒಂದೊಂದೇ ಪೈಪು. ಸೇತುವೆಯ ಮೇಲೆ ಕಾರು ನಿಲ್ಲಿಸಿ ದೇವರ ಹೂವನ್ನು ಪ್ಲಾಸ್ಟಿಕ್ ಚೀಲದ ಸಮೇತ ಎಸೆದು ಕೈಮುಗಿಯುವವರು. ಅಂಥವನೊಬ್ಬನನ್ನು ಹಿಡಿದು, ಚೀಲದ ಪೂಜೆ ಯಾವಾಗ ಮಾಡಿದೆಯಪ್ಪಾ, ಅದನ್ನೂ ಬಿಡುತ್ತಿದ್ದೀಯಲ್ಲ ಎಂದು ಕೇಳಿದರು. ಅವನು ಕಾರಿನ ಗಾಜು ಏರಿಸಿಕೊಂಡು ಹೋದ. ನಮ್ಮ ಬಿಲ್ಡಿಂಗ್ ತಲುಪುವ ಹೊತ್ತಿಗೆ ನೀರು ಡಾಂಬರಿನಂತಾಗಿತ್ತು.

"ಹೊಲಸ ತಿನ್ನೂ ಹುಳಕ್ಕೂ ಉಸರ ಬೇಕ್ರೀ," ಎಂದರು. "ನೀರಾಗಿನ ಗಾಳಿ ಎಲ್ಲಾ ಅವ ಕುಡದ ಬಿಡತಾವು. ಮೀನಕ್ಕ ಏನ ಉಳೀತೈತಿ? ಮೀನ ಸತ್ತಿಂದ ಸೊಳ್ಳಿ ಮರಿ ತಿನ್ನವ್ರು ಯಾರು? ಆ ಸೊಳ್ಳಿ ನಿಮ್ಮ ಮನೀಗೆ ಬರತಾವು. ನೀವು ಬತ್ತಿ ಹಚಗೊಂಡ ಮಲಗ್ರಿ."

ನದಿಯ ಆಚೆ ದಡದಲ್ಲಿ, ನಮ್ಮ ಬಿಲ್ಡಿಂಗಿಗೆ ಎದುರಾಗಿ, ತಗಡಿನ ಶೆಡ್ಡಿನಲ್ಲಿ ಜೀನ್ಸ್ ಬಟ್ಟೆಗೆ ಬಣ್ಣ ಹಾಕಿ ತೊಳೆಯುವ ಒಂದು ಯುನಿಟ್ ಇತ್ತು. ನದಿಯ ನೀಲಿ ಅಲ್ಲಿಂದ ಬರುತ್ತಿತ್ತು. ಅಲ್ಲಿನ ಕೆಲಸಗಾರರಲ್ಲಿ ಸಿದ್ದಪ್ಪ ಎಂಬವನು ವಿಜಯಪುರದ ಇಂಡಿ ಕಡೆಯವನು. ಮೊಣಕೈವರೆಗೆ ಕೈ ನೀಲಿಯಾಗಿರುತ್ತಿತ್ತು. ಸೇತುವೆಯ ಮೇಲೆ ಮಾವಶಿ ಬಕೆಟ್ ಇಳಿಬಿಟ್ಟರೆ ಆಚೆಯಿಂದ ಕೂಗುತ್ತಿದ್ದ: "ಅಮ್ಮಾರ, ಇವತ್ತ ಕರೀ ಪ್ಯಾಂಟ್ ಅದಾವ್ರಿ, ನೀಲಿ ಸಿಗಂಗಿಲ್ಲ!" ಅವರೂ ಬೈದುಕೊಂಡೇ ಉತ್ತರ ಕೊಡುತ್ತಿದ್ದರು. ಒಂದು ತರಹದ ಸ್ನೇಹವೇ ಇತ್ತು. ಆದರೆ ಮಾವಶಿ ಪಟ್ಟು ಬಿಡಲಿಲ್ಲ. ವಾರ್ಡ್ ಆಫೀಸು, ಮಾಲಿನ್ಯದ ಆಫೀಸು, ನಗರಸೇವಕನೆಂಬ ಕಾರ್ಪೊರೇಟರನ ಮನೆ ಬಾಗಿಲು, ಎಲ್ಲ ಕಡೆ ಬಾಟಲಿಯಲ್ಲಿ ನೀಲಿ ನೀರು ತುಂಬಿಕೊಂಡು ಹೋಗಿ ಮೇಜಿನ ಮೇಲೆ ಇಟ್ಟು ಕೂತರು. ಬಿಲ್ಡಿಂಗಿನವರೆಲ್ಲ ಅವರ ಹಿಂದೆ ನಿಂತರು. ಆಚೆ ದಡದ ಕೊಳೆಯ ವಿಷಯ ಬಂದರೆ ನಮ್ಮವರಿಗೆ ಎಲ್ಲಿಲ್ಲದ ಒಗ್ಗಟ್ಟು. ಕೊನೆಗೆ ಒಂದು ದಿನ ಅಧಿಕಾರಿಗಳು ಬಂದು ಯುನಿಟ್ಟಿಗೆ ಬೀಗ ಜಡಿದರು. ಬಿಲ್ಡಿಂಗಿನ ಸೊಸೈಟಿಯ ಚೇರ್ಮನ್ ಮಾವಶಿಗೆ ಶಾಲು ಹೊದಿಸಿದ, ಪೇಢೆ ಹಂಚಿದ. ಸೊಸೈಟಿಯ ಯಾವ ಕೆಲಸವೂ ತನ್ನ ಫೋಟೋ ಇಲ್ಲದೆ ಮುಗಿಯಬಾರದು ಎನ್ನುವ ಮನುಷ್ಯ ಅವನು.

ಯುನಿಟ್ಟಿನ ಮಾಲಕ ಶೆಡ್ಡು ಕಿತ್ತುಕೊಂಡು ಊರಾಚೆ ಭಿವಂಡಿಯ ಕಡೆಗೆ ಹೋದ. ಸಿದ್ದಪ್ಪ ಹೋಗಲಿಲ್ಲ. ಅವನ ಹೆಂಡತಿಗೆ ಇಲ್ಲೇ ಮನೆಗೆಲಸಗಳಿದ್ದವು. ಮಳೆಗಾಲವೆಲ್ಲ ಕೂಲಿಯವರು ಸೇರುವ ನಾಕಾದಲ್ಲಿ ನಿಂತು ದಿನಗೂಲಿ ಹುಡುಕಿದ. ಆಮೇಲೆ ಸೆಕ್ಯುರಿಟಿ ಏಜೆನ್ಸಿಯೊಂದು ಅವನಿಗೆ ಖಾಕಿ ಅಂಗಿ ತೊಡಿಸಿ ನಮ್ಮ ಬಿಲ್ಡಿಂಗಿನ ಗೇಟಿಗೇ ಕಳಿಸಿತು. ಮಾವಶಿ ಮೊದಲ ದಿನ ಅವನನ್ನು ಗೇಟಿನಲ್ಲಿ ಕಂಡು ಕಕ್ಕಾಬಿಕ್ಕಿಯಾದರು.

"ಯುನಿಟ್ ಅಲ್ಲಿ ಚಲೋ ನಡದೈತೇನು?" ಎಂದು ಏನಾದರೂ ಕೇಳಬೇಕೆಂದು ಕೇಳಿದರು.

"ನಡದದ್ರಿ. ಅಲ್ಲೂ ಬಾಜೂಕ ಒಂದು ನದಿ ಅದ," ಎಂದ ಸಿದ್ದಪ್ಪ. ಅವನ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ನದಿಯ ನೀಲಿಯೇನೋ ಹೋಯಿತು. ಕಪ್ಪು ಹೋಗಲಿಲ್ಲ, ವಾಸನೆಯೂ ಹೋಗಲಿಲ್ಲ. ಮಾವಶಿ ಬಿಳಿ ಬಕೆಟ್ ಇಳಿಬಿಟ್ಟು ನೋಡಿದ್ದೇ ನೋಡಿದ್ದು. ಬಣ್ಣವಿಲ್ಲದ ಹೊಲಸಿನ ಮುಂದೆ ಅವರ ವಿದ್ಯೆ ನಡೆಯಲಿಲ್ಲ. ಮೇಲ್ಗಡೆಯವರು, ತಬೇಲಾದವರು, ಝೋಪಡಿಯವರು ಎಂದು ದಿನಕ್ಕೊಬ್ಬರ ಮೇಲೆ ಸಿಟ್ಟು ಮಾಡುತ್ತಿದ್ದರು.

ಹೋಳಿ ಬಂತು. ಅವತ್ತು ನಮ್ಮ ಅಂಗಳದಲ್ಲಿ ಎಲ್ಲರೂ ಬಣ್ಣ ಆಡಿದರು. ಒಂದೇ ಅಂಗಡಿಯಿಂದ ತಂದ ಗಾಢ ಗುಲಾಬಿ ಬಣ್ಣ, ಎಲ್ಲರ ಮೈಮೇಲೆ ಅದೇ. ಮಧ್ಯಾಹ್ನ ಎಲ್ಲರೂ ಮೇಲೆ ಹೋಗಿ ತಲೆ ತಿಕ್ಕಿ ಸ್ನಾನಕ್ಕೆ ನಿಂತರು. ಬಣ್ಣ ಆಡದ ಮಾವಶಿ ಮಾತ್ರ ರೂಢಿಯಂತೆ ಸೇತುವೆಯ ಮೇಲೆ ನಿಂತಿದ್ದರು. ನಾನು ಹಾಲು ತರಲು ಹೊರಟವನು ಅವರ ಮುಖ ನೋಡಿ ನಿಂತುಬಿಟ್ಟೆ.

ನಮ್ಮ ಕಂಪೌಂಡ್ ಗೋಡೆಯ ಬುಡದಲ್ಲಿ, ಗೋಡೆಯಲ್ಲೇ ಬೆಳೆದ ಅರಳಿ ಗಿಡದ ಮರೆಯಲ್ಲಿ ಒಂದು ದಪ್ಪ ಪೈಪು ಇತ್ತು. ಅದರಿಂದ ಗುಲಾಬಿ ನೀರು ಶಾಂಪೂವಿನ ನೊರೆಯೊಡನೆ ಭರ್ರನೆ ನದಿಗೆ ಬೀಳುತ್ತಿತ್ತು. ಬರೀ ಸ್ನಾನದ ನೀರಲ್ಲ. ಅದರ ಜೊತೆ ಬರುತ್ತಿದ್ದುದೇನೆಂದು ಬರೆಯುವುದು ಬೇಡ. ದಿನವೂ ಕರಿ ನೀರಿಗೆ ಕರಿ ನೀರು ಬೀಳುತ್ತಿದ್ದರೆ ಯಾರಿಗೆ ಕಾಣಬೇಕು? ಗುಲಾಬಿಯಾದಾಗ ಕಂಡಿತು.

"ನಮ್ಮದು," ಎಂದರು ಮಾವಶಿ. "ನಮ್ಮ ಸಂಡಾಸದ ಪೈಪು, ಸಾಹೇಬ್ರ. ನಾ ಆ ಸಿದ್ದಪ್ಪನ ಹೊಟ್ಟಿ ಮ್ಯಾಲೆ ಹೊಡದ್ನಿ."

ಅವರು ಅವತ್ತೇ ಚೇರ್ಮನ್ನನ ಬಾಗಿಲು ಬಡಿದರು. ಆತ ಒಪ್ಪಲಿಲ್ಲ, ಅದು ಮಳೆನೀರಿನ ಪೈಪು ಎಂದ. ಮರುದಿನ ಮಾವಶಿ ಕಮಿಟಿಯವರನ್ನೆಲ್ಲ ಸೇತುವೆಯ ಮೇಲೆ ನಿಲ್ಲಿಸಿ, ತಾವು ಮನೆಗೆ ಹೋಗಿ ಉಳಿದ ಗುಲಾಬಿ ಬಣ್ಣದ ಪೊಟ್ಟಣವನ್ನು ಸಂಡಾಸಕ್ಕೆ ಸುರಿದು ಫ್ಲಶ್ ಮಾಡಿದರು. ನಾವು ಕಾದು ನಿಂತೆವು. ಅರಳಿ ಗಿಡದ ಕೆಳಗೆ ಗುಲಾಬಿ ಬಂತು. ಮಾವಶಿ ಬಾಲ್ಕನಿಗೆ ಬಂದು ಅಲ್ಲಿಂದಲೇ ಕೂಗಿದರು: "ಬಂತೇನ್ರೀ?" ಚೇರ್ಮನ್ ಫೋನ್ ನೋಡಿಕೊಳ್ಳುತ್ತಿದ್ದ.

ಆಮೇಲೆ ಒಂದೊಂದಾಗಿ ಹೊರಬಿತ್ತು. ಬಿಲ್ಡಿಂಗ್ ಕಟ್ಟಿದಾಗ ನಮ್ಮ ಗಲ್ಲಿಯಲ್ಲಿ ಒಳಚರಂಡಿ ಲೈನ್ ಇರಲಿಲ್ಲ, ಗುಂಡಿ ತೋಡಿದ್ದರು. ಗುಂಡಿ ತುಂಬಿದಾಗ ಯಾರೋ ಒಂದು ಪೈಪು ಜೋಡಿಸಿ ನದಿಗೆ ಬಿಟ್ಟರು. ಮುಂದೆ ಗಲ್ಲಿಗೆ ಲೈನ್ ಬಂತು. ಪೈಪನ್ನು ಆ ಕಡೆ ತಿರುಗಿಸಲು ಯಾರಿಗೂ ನೆನಪಾಗಲಿಲ್ಲ. ಚೇರ್ಮನ್ನನಿಗೆ ಇದೆಲ್ಲ ಮೊದಲಿನಿಂದ ಗೊತ್ತಿತ್ತು. ಗೊತ್ತಿದ್ದೂ ಶಾಲು ಹೊದಿಸಿದ್ದ. ಇದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಪೊಟ್ಟಣ ಸುರಿದ ದಿನ ಸಂಜೆ ಮಾವಶಿ ಎರಡು ಕಪ್ ಚಹಾ ಹಿಡಿದು ಗೇಟಿಗೆ ಇಳಿದರು. ಸಿದ್ದಪ್ಪ ಎದ್ದು ನಿಂತ. ಅವನನ್ನು ಕುರ್ಚಿಯಲ್ಲಿ ಕೂಡಿಸಿ ತಾವು ಮೆಟ್ಟಿಲ ಮೇಲೆ ಕೂತರು.

"ತಮ್ಮಾ, ನನ್ನ ಕಡಿಂದ ತಪ್ಪಾಗೇತಿ."

"ಬಿಡ್ರಿ ಮಾವಶಿ. ನಾವೂ ಬಣ್ಣ ಬಿಡ್ತಿದ್ವಿ, ಸುಳ್ಳಲ್ಲ."

"ನೀವು ಬಣ್ಣ ಬಿಟ್ರಿ, ನಾವು ಹೇಲ ಬಿಟ್ವಿ. ನಿಮ್ಮದು ಕಾಣ್ತಿತ್ತು. ನಿನ್ನ ಅನ್ನ ಹೋತು, ನನಗ ಶಾಲ ಬಂತು."

ಸಿದ್ದಪ್ಪ ಚಹಾ ಕುಡಿಯುತ್ತ ತಲೆ ಕೆರೆದುಕೊಂಡ. ಮಾವಶಿ ಅವನ ಕೈ ಹಿಡಿದರು. ಉಗುರಿನ ಸಂದಿಯಲ್ಲಿ ಇನ್ನೂ ನೀಲಿ ಇತ್ತು. "ನಿನ್ನ ಯುನಿಟ್ ತಿರುಗಿ ತರಾಕ ನನ್ನ ಕಡಿಂದ ಆಗಂಗಿಲ್ಲ. ತರಲೂಬಾರದು. ಆದ್ರ ಈ ಪೈಪನ್ನರ ತಿರುಗಸ್ತೀನಿ. ಅಲ್ಲೀತನಾ ನಿನ್ನ ಮುಂದ ಮಾರಿ ಎತ್ತಿ ಅಡ್ಡಾಡಂಗಿಲ್ಲ." ಅವರು ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ಮಾತು ಉಳಿಸಿಕೊಂಡರು ಕೂಡ. ಅಲ್ಲಿಂದ ಮುಂದೆ ಗೇಟು ದಾಟುವಾಗ ಸೆರಗು ಮುಂದಕ್ಕೆಳೆದು ತಲೆ ತಗ್ಗಿಸಿಯೇ ನಡೆದರು. ಸಿದ್ದಪ್ಪ ಎಷ್ಟು ಬೇಡ ಅಂದರೂ ಕೇಳಲಿಲ್ಲ.

ಕೆಲಸ ದೊಡ್ಡದೇನಲ್ಲ. ಅಂಗಳದ ಪಾರ್ಕಿಂಗ್ ಅಗೆದು ಪೈಪನ್ನು ಗಲ್ಲಿಯ ಲೈನಿಗೆ ಜೋಡಿಸಬೇಕು, ಮತ್ತೆ ಮುಚ್ಚಬೇಕು. ಅಷ್ಟು ದಿನ ಕಾರುಗಳನ್ನು ಎಲ್ಲಿ ನಿಲ್ಲಿಸುವುದು ಎಂಬಲ್ಲಿಗೆ ಮಾತು ಬಂದು ನಿಂತಿತು. ನದಿ ಒಂದು ಕಡೆ, ಕಾರುಗಳ ನೆರಳು ಒಂದು ಕಡೆ. ಯಾವುದು ಗೆದ್ದಿತೆಂದು ಬೇರೆ ಹೇಳಬೇಕಿಲ್ಲ. ಅದರ ಮೇಲೆ ಚೇರ್ಮನ್ನನ ಕೈಯಲ್ಲಿ ಇನ್ನೊಂದು ಮಂತ್ರವಿತ್ತು: "ಮಾವಶಿ, ರೀಡೆವಲಪ್‌ಮೆಂಟ್ ಮೇ ಸಬ್ ಹೋ ಜಾಯೇಗಾ." ಹೇಗೂ ಬಿಲ್ಡರ್ ಬರುತ್ತಾನೆ, ಹಳೆಯದನ್ನು ಕೆಡವಿ ಟವರ್ ಕಟ್ಟುತ್ತಾನೆ, ಆಗ ಎಲ್ಲವೂ ಆಗುತ್ತದೆ. ಮುಂಬೈಯಲ್ಲಿ ಸೋರುವ ಛಾವಣಿಗೂ ಕೆಟ್ಟ ಲಿಫ್ಟಿಗೂ ಸಾಯುವ ನದಿಗೂ ಇದೊಂದೇ ಉತ್ತರ. ಬಿಲ್ಡರ್ ಇವತ್ತಿನವರೆಗೂ ಬಂದಿಲ್ಲ.

ಸಭೆ ಯಾವುದೇ ಇರಲಿ, ವಿಷಯ ಏನೇ ಇರಲಿ, ಕೊನೆಗೆ ಮಾವಶಿ ಎದ್ದು ನಿಂತು ಒಂದೇ ಮಾತು ಹೇಳುವರು: "ಪೈಪ್ ತಿರುಗಸ್ರಿ." ಗಣಪತಿ ಮಂಟಪದ ಅಲಂಕಾರ ಗುಲಾಬಿಯೋ ಹಳದಿಯೋ ಎಂಬ ಚರ್ಚೆಯಲ್ಲಿ, "ಯಾವ್ದರ ಹಚ್ರಿ, ಪೈಪ್ ತಿರುಗಸ್ರಿ." ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಪ್ರಸಾದ ತೆಗೆದುಕೊಳ್ಳುತ್ತ, "ಚಲೋ ಆಗೇತಿ ಶಿರಾ. ಪೈಪ್ ತಿರುಗಸ್ರಿ." ಜನ ನಕ್ಕರು, ಆಮೇಲೆ ರೇಗಿದರು, ಆಮೇಲೆ ಅವರು ಬರುವುದನ್ನು ಕಂಡು ಲಿಫ್ಟಿನ ಬಾಗಿಲು ಮುಚ್ಚತೊಡಗಿದರು. ನಾನೊಬ್ಬ ಸಭೆಯಲ್ಲಿ ಅವರ ಪರ ಕೈ ಎತ್ತುತ್ತಿದ್ದೆ, ನನ್ನ ಕೈ ನೋಡಿ ಇನ್ನೊಂದು ಕೈ ಏಳುತ್ತಿರಲಿಲ್ಲ. ನಿಜ ಹೇಳುತ್ತೇನೆ, ಅವರ ಮೇಲೆ ನನಗೂ ಸಿಟ್ಟು ಬರುತ್ತಿತ್ತು. ಸ್ವಲ್ಪ ನಯವಾಗಿ ಹೇಳಿ, ನಾಲ್ಕು ಜನರನ್ನು ಒಲಿಸಿಕೊಳ್ಳಿ ಎಂದರೆ ನನ್ನನ್ನೇ ನುಂಗುವಂತೆ ನೋಡುವರು.

"ನಮ್ಮೂರಾಗ ಹೊಳೀ ಕಡೆ ಹೋಗಿ ಬರ್ತೀವಿ ಅಂತ ಚರಗಿ ತಗೊಂಡ ನಡೀತಿದ್ರು," ಎಂದರು ಒಮ್ಮೆ. "ನಾವು ಶಾಣ್ಯಾರಾದ್ವಿ. ಟೈಲ್ಸ್ ಹಾಕಿ ಬಾಗಲಾ ಹಾಕ್ಕೊಂಡ ಕುಂತಲ್ಲಿಂದನ ಹೊಳೀಗೆ ಬಿಡ್ತೀವಿ. ನಯವಾಗಿ ಹೆಂಗ ಹೇಳಲಿ ಇದನ್ನ? ನೀವ ಹೇಳಿ ತೋರಸ್ರಿ."

ಈ ವರ್ಷ ಮಳೆಗೆ ಮುಂಚೆ ಅವರ ಹೃದಯ ಕೈಕೊಟ್ಟಿತು. ಆಸ್ಪತ್ರೆಗೆ ನೋಡಲು ಹೋದಾಗ ಮಗಳು ಅರೆಬರೆ ಕನ್ನಡದಲ್ಲಿ, "ಅಂಕಲ್, ಆಯಿಗೆ ಟೆನ್ಷನ್ ಕೊಡಬೇಡಿ ಹಾಂ," ಎಂದು ಎಚ್ಚರಿಸಿದಳು. ಮಾವಶಿ ಕಣ್ಣು ತೆರೆದು ಮೊದಲು ಕೇಳಿದ್ದು, "ತಿರುಗಸಿದ್ರೇನ್ರೀ?"

"ಆಗ್ತದ ಮಾವಶಿ. ಮಾತಾಡಾಕತ್ತಾರ," ಎಂದೆ.

ಅವರು ಚಾವಣಿಯ ದೀಪ ನೋಡಿದರು. "ಟ್ಯೂಬಲೈಟಿನ್ಯಾಗ ಎಲ್ಲಾ ಪಾಸ್ ಆಗತೈತಿ," ಎಂದರು. ನಾನು ತಲೆ ಎತ್ತಲಾಗದೆ ಹಾಸಿಗೆಯ ಮೇಲಿನ ಹಸಿರು ಚಾದರವನ್ನು ನೋಡುತ್ತ ಕೂತೆ. ಮೂರ್ನಾಲ್ಕು ದಿನಗಳಲ್ಲಿ ಹೋದರು.

ಅವರ ನೆನಪಿಗೆ ನದಿಯ ದಡದಲ್ಲಿ, ಸೇತುವೆಯ ಪಕ್ಕ, ಒಂದು ಕಲ್ಲಿನ ಬೆಂಚು ಹಾಕಿಸುವುದೆಂದು ಕಮಿಟಿ ತೀರ್ಮಾನಿಸಿತು. ಇದಕ್ಕೆ ಯಾರ ವಿರೋಧವೂ ಬರಲಿಲ್ಲ. ಪಾರ್ಕಿಂಗ್ ಅಗೆಯಬೇಕಾಗಿರಲಿಲ್ಲವಲ್ಲ. ಬೆಂಚಿನ ಒರಗುವ ಕಲ್ಲಿನ ಮೇಲೆ, ಮುಂಬದಿಗೆ, ಅವರ ಹೆಸರು, ಕೆಳಗೆ ನದಿಯ ತಾಯಿ ಎಂಬ ಬಿರುದು. ಗೌಂಡಿ ಅದನ್ನು ನದಿಗೆ ಮುಖವಾಗಿ ತಂದಿಟ್ಟು ಹೋಗಿದ್ದ. ಭಾನುವಾರ ಬೆಳಿಗ್ಗೆ ಉದ್ಘಾಟನೆ. ಚೇರ್ಮನ್ ಬಿಳಿ ಅಂಗಿಯಲ್ಲಿ ಬಂದ. ನಗರಸೇವಕನೂ ಬಂದ. ಮಗಳು ಅಳಿಯ ಕೈಕಟ್ಟಿ ನಿಂತರು. ಹೂವಿನ ಬುಟ್ಟಿ ಹಿಡಿಯಲು ಸಿದ್ದಪ್ಪನನ್ನು ಗೇಟಿನಿಂದ ಕರೆಸಿದರು.

ಭಾನುವಾರ ಬೆಳಿಗ್ಗೆ ಎಂದರೆ ಎಲ್ಲ ಮನೆಗಳಲ್ಲೂ ನಿಧಾನಕ್ಕೆ ಏಳುವ, ಒಟ್ಟಿಗೇ ಬಚ್ಚಲಿಗೆ ಹೋಗುವ ಹೊತ್ತು. ಚೇರ್ಮನ್ ಭಾಷಣ ಶುರುಮಾಡಿ, ಮಾವಶಿಯವರು ಆಚೆ ದಡದ ಹೊಲಸು ಯುನಿಟ್ಟನ್ನು ಮುಚ್ಚಿಸಿ ನಮ್ಮ ನದಿಗೆ ಜೀವ ಕೊಟ್ಟರು ಎನ್ನುವಷ್ಟರಲ್ಲಿ ಅರಳಿ ಗಿಡದ ಕೆಳಗೆ ಪೈಪು ಬಾಯಿ ಬಿಟ್ಟಿತು. ಸದ್ದು ಎಲ್ಲರಿಗೂ ಕೇಳಿಸಿತು. ಹಿಂದೆಯೇ ನಾತ ಬಂತು. ಬೆಂಚಿನ ಮೇಲೆ ಕೂತಿದ್ದ ನಗರಸೇವಕ ಎದ್ದು ಮೂಗಿಗೆ ಕರವಸ್ತ್ರ ಹಿಡಿದ. ಭಾಷಣ ನಿಂತಿತು. ಈಗಲಾದರೂ ಯಾರಾದರೂ ಒಬ್ಬರು ಬಾಯಿ ಬಿಟ್ಟಾರು ಎಂದು ನಾನು ಒಬ್ಬೊಬ್ಬರ ಮುಖ ನೋಡಿದೆ. ಯಾರೂ ಬಿಡದಿದ್ದಾಗ ನಾನೇ, "ಪೈಪ್ ತಿರುಗಿಸಿ," ಎಂದು ಹಿಂದಿಯಲ್ಲಿ ಜೋರಾಗಿ ಹೇಳಿದೆ. ಚೇರ್ಮನ್ ನನ್ನತ್ತ ನೋಡದೆ ನಾಲ್ಕು ಜನರಿಗೆ ಕೈಸನ್ನೆ ಮಾಡಿದ. ಅವರು, ಅವರ ಜೊತೆ ಸಿದ್ದಪ್ಪನೂ, ಬೆಂಚಿಗೆ ಕೈ ಹಚ್ಚಿ ಎತ್ತಿ, ಹೆಸರು ನದಿಗೆ ಬೆನ್ನಾಗುವಂತೆ, ರಸ್ತೆಯ ಕಡೆಗೆ ಮುಖ ಮಾಡಿ ಇಟ್ಟರು. ಅಲ್ಲಿ ಬೋಗನ್‌ವಿಲ್ಲಾ ಕುಂಡಗಳಿದ್ದವು. ಫೋಟೋ ಚೆನ್ನಾಗಿ ಬಂತು. ಊಟದ ಹೊತ್ತಿನೊಳಗೆ ವಾಟ್ಸಾಪಿನಲ್ಲೂ ಬಂತು.

ಎಲ್ಲರೂ ಹೋದ ಮೇಲೆ ನಾನು ಅಲ್ಲೇ ನಿಂತಿದ್ದೆ. ಬೈಯಲು ಎದುರಿಗೆ ಯಾರೂ ಇರಲಿಲ್ಲ. ಸಿದ್ದಪ್ಪ ಬಿದ್ದ ಹೂವುಗಳನ್ನು ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕುತ್ತಿದ್ದ. ಒಂದನ್ನೂ ನೀರಿಗೆ ಬಿಡಲಿಲ್ಲ. ಮುಗಿಸಿ ಬೆಂಚಿನ ಹಿಂದೆ, ನದಿಯ ಕಡೆಗೆ ಬಂದು, ಪೈಪಿನ ಎದುರು ನೆಲದ ಮೇಲೆ ಕೂತ.

"ಮಾವಶಿಯವ್ರು ಪೈಪ್ ತಿರುಗಸ್ರಿ ಅಂದ್ರ," ಎಂದ, "ಇವ್ರು ಬೆಂಚ್ ತಿರುಗಿಸ್ಯಾರ ನೋಡ್ರಿ ಸಾಹೇಬ್ರ."